ಎಚ್‌ಐವಿ ಪ್ರತಿಕಾಯದ ಟೆಸ್ಟನ್ನು ರೋಬೋಟ್ ಕೈಗೆ ಕೊಡುವ ಮುಂಚೆ

ಲಸಿಕೆ ಹಾಕಿಸಿಕೊಂಡವರ ರಕ್ತದಲ್ಲಿ ಪ್ರತಿಕಾಯ ಹುಟ್ಟಿದೆ ಅನ್ನೋದಷ್ಟೇ ಸಾಲದು. ಅದು ವೈರಸ್ಸನ್ನು ತಡೆಯುತ್ತದಾ, ಎಷ್ಟು ತೆಳು ಮಾಡುವವರೆಗೆ ತಡೆಯುತ್ತದೆ ಅಂತ ಗೊತ್ತಾಗಬೇಕು. ಇದಕ್ಕೆ ಹೆಚ್ಚಿನ ಲ್ಯಾಬ್‌ಗಳು ಬಳಸುವುದು ಟಿಜೆಡ್‌ಎಂ-ಬಿಎಲ್ ಟೆಸ್ಟ್. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಡೇವಿಡ್ ಮಾಂಟೆಫಿಯೋರಿ ಅವರ ಲ್ಯಾಬ್ ಇದನ್ನು ರೂಢಿಗೆ ತರುವಲ್ಲಿ ಮುಂದಿತ್ತು. ಇದರಲ್ಲಿ ಬಳಸುವ ಜೀವಕೋಶಗಳಿಗೆ ಸೋಂಕು ತಗುಲಿದರೆ ಲೂಸಿಫರೇಸ್ ಅನ್ನೋ ಕಿಣ್ವ ತಯಾರಾಗುತ್ತದೆ, ಅದಕ್ಕೆ ಬೇಕಾದ ದ್ರಾವಣ ಹಾಕಿದರೆ ಬೆಳಕು ಬರುತ್ತದೆ. ಬೆಳಕು ಕಡಿಮೆಯಾದಷ್ಟೂ ಪ್ರತಿಕಾಯ ಕೆಲಸ ಮಾಡಿದೆ ಅಂತ ಅರ್ಥ. ಬಳಸುವುದು ಸೂಡೋವೈರಸ್, ಅಂದರೆ ಎಚ್‌ಐವಿಯ ಹೊದಿಕೆ ತೊಡಿಸಿ ಲ್ಯಾಬ್‌ನಲ್ಲಿ ಮಾಡಿದ ವೈರಸ್. ಅದು ಒಂದೇ ಸಲ ಒಳಗೆ ಹೋಗುತ್ತದೆ, ಮರಿ ಹಾಕುವುದಿಲ್ಲ.

96 ವೆಲ್‌ನ, ಅಂದರೆ 96 ಪುಟ್ಟ ಗುಳಿಗಳ ಪ್ಲೇಟನ್ನೇ ತಗೊಳ್ಳಿ. ಮೊದಲ ಕಾಲಂನಲ್ಲಿ ಬರೀ ಜೀವಕೋಶ, ಎರಡನೆಯದರಲ್ಲಿ ಜೀವಕೋಶ ಮತ್ತು ವೈರಸ್. ಉಳಿದ 10 ಕಾಲಂನಲ್ಲಿ 5 ಸ್ಯಾಂಪಲ್, ಒಂದೊಂದಕ್ಕೆ ಎರಡು ಕಾಲಂ. ಕೆಳಗಿನ ಸಾಲಿನಲ್ಲಿ 140 ಮೈಕ್ರೋಲೀಟರ್ ಮೀಡಿಯಂಗೆ (ಜೀವಕೋಶ ಬೆಳೆಸುವ ದ್ರವ) 11 ಮೈಕ್ರೋಲೀಟರ್ ಸೀರಂ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ), ಅಲ್ಲಿಂದ 50 ತೆಗೆದು ಮೇಲಿನ ಸಾಲಿನ 100ಕ್ಕೆ, ಮತ್ತೆ 50 ತೆಗೆದು ಅದರ ಮೇಲಿನದಕ್ಕೆ, ಹೀಗೆ ತುದಿಯವರೆಗೆ. ಕೊನೆಯ 50 ಬಿಸಾಡಿ. ಆಮೇಲೆ 50 ಮೈಕ್ರೋಲೀಟರ್ ವೈರಸ್ ಹಾಕಿದರೆ 1:20ರಿಂದ ಶುರುವಾಗಿ 1:43,740ರವರೆಗೆ ಎಂಟು ಮೆಟ್ಟಿಲು ಸಿಗುತ್ತವೆ.

ಈ ದ್ರವಗಳನ್ನು ಎತ್ತಿ ಹಾಕುವ ರೋಬೋಟ್ ಎಡವುವುದು ಇಲ್ಲೇ. ಅದು 50 ಬದಲು ಪ್ರತಿ ಸಲ 45 ಎತ್ತಿತು ಅಂದ್ಕೊಳ್ಳಿ. ಮೊದಲ ಮೆಟ್ಟಿಲಲ್ಲಿ ವ್ಯತ್ಯಾಸ ಕಾಣುವುದೇ ಇಲ್ಲ, ಆದರೆ ಏಳು ಸಲ ದಾಟಿದ ಮೇಲೆ ಕೊನೆಯ ವೆಲ್‌ನಲ್ಲಿ ನೀವು ಲೆಕ್ಕ ಹಾಕಿದ ಸೀರಂನ 60% ಅಷ್ಟೇ ಇರುತ್ತದೆ. ಒಂದೇ ಸ್ಯಾಂಪಲ್‌ನ ಎರಡು ಕಾಲಂಗಳ ನಂಬರ್ ಮಾತ್ರ ಒಂದಕ್ಕೊಂದು ಚೆನ್ನಾಗಿ ಹೊಂದುತ್ತವೆ, ಯಾಕಂದ್ರೆ ಎರಡರಲ್ಲೂ ಅದೇ ತಪ್ಪು! ಹಾಗಾಗಿ ಸ್ಯಾಂಪಲ್ ಮುಟ್ಟುವ ಮುಂಚೆ ಬಣ್ಣದ ದ್ರಾವಣ ಹಾಕಿ ಇಡೀ ಪ್ರೋಗ್ರಾಂ ಓಡಿಸಿ, ಪ್ಲೇಟ್ ರೀಡರ್‌ನಲ್ಲಿ ಪ್ರತಿ ಮೆಟ್ಟಿಲು ಮೂರರಲ್ಲಿ ಒಂದು ಪಾಲಿಗೆ ಇಳಿದಿದೆಯಾ ನೋಡಿ. ಬರೀ ನೀರಲ್ಲಿ ಸರಿಬಂತು ಅಂತ ಸುಮ್ನೆ ಕೂರಬೇಡಿ. ಸೀರಂ ನೀರಿಗಿಂತ ಮಂದ. ಅದನ್ನು ನಿಧಾನವಾಗಿ ಎಳೆಯಬೇಕು, ಎಳೆದ ಮೇಲೆ ಟಿಪ್ (ದ್ರವ ಎಳೆಯುವ ಕೊಳವೆಯ ತುದಿ) ಒಂದು ಕ್ಷಣ ಅಲ್ಲೇ ನಿಲ್ಲಬೇಕು, ಇಲ್ಲಾಂದ್ರೆ ಒಳಗೆ ಗಾಳಿ ಸೇರುತ್ತದೆ.

ಸೀರಂ ಟ್ಯೂಬನ್ನು 56 ಡಿಗ್ರಿಯಲ್ಲಿ ಕಾಯಿಸಿ, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ಆಮೇಲೆ ರೋಬೋಟ್‌ನ ಡೆಕ್ ಮೇಲಿಡಿ. ನೂಲಿನಂತಹ ಗರಣೆ ಒಂದು ಟಿಪ್‌ಗೆ ಸಿಕ್ಕಿಕೊಂಡರೂ ಆ ಇಡೀ ಕಾಲಂ ಹಾಳು. ಹೆಪಾರಿನ್ ಹಾಕಿದ ಟ್ಯೂಬಿನ ರಕ್ತ ಬೇಡ, ಹೆಪಾರಿನ್ ತಾನೇ ವೈರಸ್ಸನ್ನು ತಡೆದು ಸುಳ್ಳು ಫಲಿತಾಂಶ ಕೊಡುತ್ತದೆ. ಎಚ್‌ಐವಿ ಮಾತ್ರೆ ತಗೊಳ್ಳುವವರ ಸೀರಂನಲ್ಲೂ ಇದೇ ಗೋಳು. ಅದಕ್ಕೇ ಪ್ರತಿ ಸ್ಯಾಂಪಲನ್ನೂ ಇಲಿಯ ಎಂಎಲ್‌ವಿ ವೈರಸ್‌ನ ಹೊದಿಕೆ ಇರುವ ಸೂಡೋವೈರಸ್ ಎದುರೂ ಹಾಕಿ. ಎಚ್‌ಐವಿ ಪ್ರತಿಕಾಯಕ್ಕೆ ಅದರ ಗೊಡವೆಯೇ ಇಲ್ಲ, ಅದೂ ನಿಂತುಬಿಟ್ಟರೆ ತಡೆದದ್ದು ಬೇರೆ ಏನೋ.

ವೈರಸ್ ಹಾಕಿದ ಮೇಲೆ 37 ಡಿಗ್ರಿಯಲ್ಲಿ 45ರಿಂದ 90 ನಿಮಿಷ, ಆಮೇಲೆ ವೆಲ್‌ಗೆ 10,000 ಜೀವಕೋಶ. ಜೀವಕೋಶ ತೊಟ್ಟಿಯ ತಳಕ್ಕೆ ಕೂರುತ್ತವೆ, ರೋಬೋಟ್‌ಗೆ ಅದು ಕಾಣಲ್ಲ. ಪ್ರತಿ ಪ್ಲೇಟಿಗೂ ಮುಂಚೆ ಕಲಕುವ ಆಜ್ಞೆ ಸೇರಿಸಿ. ಎಲ್ಲ ಪ್ಲೇಟಿಗೂ ಒಂದೇ ಸಮಯ ಸಿಗಬೇಕಾದರೆ ಅವನ್ನು ನಡುವೆ ಅಂತರ ಬಿಟ್ಟು ಒಂದೊಂದಾಗಿ ಹೊರಡಿಸಬೇಕು. 48 ಗಂಟೆ ಆದ ಮೇಲೆ ಬೆಳಕಿನ ದ್ರಾವಣ ಹಾಕುವಾಗಲೂ ಅಷ್ಟೇ. ಬೆಳಕು ಬೇಗ ಮಂಕಾಗುತ್ತದೆ, ಇಪ್ಪತ್ತು ಪ್ಲೇಟಿಗೆ ಒಟ್ಟಿಗೆ ಸುರಿದು ಆಮೇಲೆ ಓದೋಣ ಅಂದರೆ ಆಗಲ್ಲ.

ನಂಬರ್ ಬಂದ ಕೂಡಲೇ ಸ್ಯಾಂಪಲ್ ನೋಡಬೇಡಿ, ಮೊದಲ ಎರಡು ಕಾಲಂ ನೋಡಿ. ವೈರಸ್ ಕಾಲಂನ ಬೆಳಕು ಜೀವಕೋಶದ ಕಾಲಂಗಿಂತ ಹತ್ತು ಪಟ್ಟಾದರೂ ಜಾಸ್ತಿ ಇರಬೇಕು, ಎಂಟು ವೆಲ್‌ಗಳ ನಡುವಿನ ಏರಿಳಿತ 30% ದಾಟಬಾರದು. ಗೊತ್ತಿರುವ ಪ್ರತಿಕಾಯವೊಂದನ್ನು ಪ್ರತಿ ಸಲ ಜೊತೆಗೆ ಓಡಿಸಿ. ಅದರ ಮೌಲ್ಯ ಹಳೆಯ ಸರಾಸರಿಯಿಂದ ಮೂರು ಪಟ್ಟಿಗಿಂತ ಆಚೆ ಹೋದರೆ ಎಲ್ಲವನ್ನೂ ಮತ್ತೆ ಮಾಡಿ, ವಾದ ಬೇಡ.

ಲೆಕ್ಕ ಸುಲಭ. ವೈರಸ್ ಕಾಲಂ 60,000, ಜೀವಕೋಶದ್ದು 1,000 ಅಂದರೆ ಅರ್ಧ ತಡೆದ ಜಾಗ 30,500, 30,000 ಅಲ್ಲ. ಸೀರಂ ಎಷ್ಟು ತೆಳುವಾದಾಗ ಅಷ್ಟು ಬೆಳಕು ಬರುತ್ತದೋ ಆ ಮಟ್ಟವೇ ಐಡಿ-50. 80% ತಡೆದ ಮಟ್ಟ, ಅಂದರೆ ಐಡಿ-80ನ್ನೂ ತಪ್ಪದೆ ತೆಗೆಯಿರಿ. ಪ್ರತಿಕಾಯ ಕೊಟ್ಟು ಎಚ್‌ಐವಿ ತಡೆಯಬಹುದಾ ಅಂತ ನೋಡಿದ, 2021ರಲ್ಲಿ ಪ್ರಕಟವಾದ ಎಎಂಪಿ ಪ್ರಯೋಗಗಳಲ್ಲಿ ವಿಆರ್‌ಸಿ01 ಪ್ರತಿಕಾಯ ಒಟ್ಟಾರೆ ಸೋಂಕು ತಡೆಯಲಿಲ್ಲ, ಆದರೆ ಈ ಟೆಸ್ಟಿನಲ್ಲಿ ಅದಕ್ಕೆ ಸುಲಭವಾಗಿ ಬಗ್ಗಿದ ವೈರಸ್‌ಗಳನ್ನು ಸುಮಾರು 75% ತಡೆದಿತ್ತು. ಆ ಗೆರೆ ಎಳೆದದ್ದು 80%ರ ಅಳತೆಯಿಂದಲೇ. ಭಾರತಕ್ಕಾಗಿ ನೋಡುತ್ತಿದ್ದರೆ ವೈರಸ್ ಪಟ್ಟಿಯಲ್ಲಿ ಎಚ್‌ಐವಿಯ ಸಿ ಉಪಜಾತಿ ಇರಲೇಬೇಕು, ನಮ್ಮಲ್ಲಿ ಹಬ್ಬಿರುವುದು ಹೆಚ್ಚಾಗಿ ಅದೇ ಅಲ್ವಾ.

ಮೊದಲ ಮೆಟ್ಟಿಲಲ್ಲೂ ಅರ್ಧ ತಡೆಯದ ಸ್ಯಾಂಪಲಿಗೆ ಸೊನ್ನೆ ಬರೆಯಬೇಡಿ, "20ಕ್ಕಿಂತ ಕಡಿಮೆ" ಅಂತ ಬರೆಯಿರಿ.