ಒಂದು ಡೈರೆಕ್ಟರಿ ಸರ್ವರ್ ನಿಂತರೂ ಡೇಟಾಬೇಸ್ ಲಾಗಿನ್ ನಿಲ್ಲದಿರಲು ಹೀಗೆ ಮಾಡಿ

ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಬಳಕೆದಾರರ ಪಾಸ್‌ವರ್ಡನ್ನು ಎಲ್‌ಡಿಎಪಿ ಡೈರೆಕ್ಟರಿಯಿಂದ (ಬಳಕೆದಾರರ ಹೆಸರು, ಪಾಸ್‌ವರ್ಡ್‌ಗಳನ್ನು ಒಂದೆಡೆ ಇಡುವ ಸೇವೆ) ಪರಿಶೀಲಿಸುವಾಗ ಸರ್ವರ್ ಒಂದೇ ಇದ್ದು ಅದು ಕೈಕೊಟ್ಟರೆ, ಡೇಟಾಬೇಸ್ ಸುಸ್ಥಿತಿಯಲ್ಲಿದ್ದರೂ ಯಾರೂ ಅದರೊಳಗೆ ಹೋಗಲಾರರು. ಆದ್ದರಿಂದ ಎರಡು ಸರ್ವರ್‌ಗಳು ಬೇಕು.

ಮೊದಲು ಎರಡು ಯಂತ್ರಗಳಲ್ಲಿ ಓಪನ್‌ಎಲ್‌ಡಿಎಪಿ ಎಂಬ ಡೈರೆಕ್ಟರಿ ತಂತ್ರಾಂಶ ಸ್ಥಾಪಿಸಿ, ಪ್ರತಿಯೊಂದಕ್ಕೂ ಬೇರೆ ಬೇರೆ ಸರ್ವರ್ ಐಡಿ ಕೊಟ್ಟು, ತನ್ನ ಬದಲಾವಣೆಗಳನ್ನು ಇನ್ನೊಂದಕ್ಕೆ ಒದಗಿಸುವ ಸಿಂಕ್‌ಪ್ರೊವ್ ಓವರ್‌ಲೇ (ಹೆಚ್ಚುವರಿ ಘಟಕ) ಸೇರಿಸಿ, ಒಂದು ಇನ್ನೊಂದರಿಂದ ಬದಲಾವಣೆಗಳನ್ನು ಪಡೆಯುವಂತೆ ಸಿಂಕ್‌ರೆಪ್ಲ್ ಹೊಂದಿಸಬೇಕು. ಬದಲಾವಣೆಗಳ ಹಿಂದುಮುಂದು ನಿರ್ಧಾರವಾಗುವುದು ಸಮಯಮುದ್ರೆಯಿಂದ. ಹಾಗಾಗಿ ಎರಡೂ ಗಡಿಯಾರಗಳನ್ನು ಎನ್‌ಟಿಪಿ (ನೆಟ್‌ವರ್ಕ್‌ನಿಂದ ಸರಿಯಾದ ಸಮಯ ಪಡೆಯುವ ವ್ಯವಸ್ಥೆ) ಮೂಲಕ ಸರಿಹೊಂದಿಸದೆ ಮುಂದೆ ಹೋಗಬೇಡಿ.

ಬಳಿಕ, ಯಾರು ಹೇಗೆ ಲಾಗಿನ್ ಆಗಬೇಕೆಂದು ಸಾಲುಸಾಲಾಗಿ ಹೇಳುವ ಪೋಸ್ಟ್‌ಗ್ರೆಸ್‌ನ ಪಿಜಿ‌-ಎಚ್‌ಬಿಎ ಕಡತದಲ್ಲಿ, ಎಲ್‌ಡಿಎಪಿ ಸರ್ವರ್ ಎಂಬ ಆಯ್ಕೆಯೊಳಗೆ, ಎರಡೂ ಸರ್ವರ್‌ಗಳ ಹೆಸರುಗಳನ್ನು ಒಂದೇ ಜೋಡಿ ಉದ್ಧರಣ ಚಿಹ್ನೆಗಳೊಳಗೆ, ನಡುವೆ ಜಾಗ ಬಿಟ್ಟು ಬರೆಯಿರಿ. ಸರ್ವರಿಗೊಂದರಂತೆ ಎರಡು ಸಾಲು ಬರೆಯುವುದು ಹಲವರು ಮಾಡುವ ತಪ್ಪು: ಮೊದಲು ಹೊಂದುವ ಸಾಲೇ ಅಂತಿಮ, ಅದು ವಿಫಲವಾದರೆ ಮುಂದಿನ ಸಾಲನ್ನು ಪೋಸ್ಟ್‌ಗ್ರೆಸ್ ನೋಡುವುದೇ ಇಲ್ಲ. ಎಲ್‌ಡಿಎಪಿ ಪಾಸ್‌ವರ್ಡನ್ನು ಮಾತ್ರ ಪರಿಶೀಲಿಸುವುದರಿಂದ ಬಳಕೆದಾರರ ರೋಲ್ (ಖಾತೆ) ಡೇಟಾಬೇಸ್‌ನಲ್ಲಿ ಮೊದಲೇ ಇರಬೇಕು. ಅದೇ ಯಂತ್ರದ ಬಳಕೆದಾರ ಹೆಸರನ್ನು ನೋಡಿ ಪಾಸ್‌ವರ್ಡ್ ಇಲ್ಲದೆ ಒಳಬಿಡುವ, ಆಡಳಿತಗಾರರ ಸ್ಥಳೀಯ ಪೀರ್ ಸಾಲನ್ನು ಎಲ್ಲಕ್ಕಿಂತ ಮೇಲಿಡಿ. ಎರಡೂ ಡೈರೆಕ್ಟರಿಗಳು ಬಿದ್ದ ದಿನ ಒಳಹೋಗಲು ಉಳಿಯುವ ಬಾಗಿಲು ಅದೊಂದೇ.

ನಿಜವಾದ ತೊಡಕು ಕಾಯುವ ಅವಧಿಯಲ್ಲಿದೆ. ಮೊದಲ ಸರ್ವರ್‌ನಲ್ಲಿ ಓಪನ್‌ಎಲ್‌ಡಿಎಪಿಯ ಸ್ಲ್ಯಾಪ್‌ಡಿ ಸೇವೆಯನ್ನಷ್ಟೇ ನಿಲ್ಲಿಸಿ ಪರೀಕ್ಷಿಸಿದಾಗ ಯಂತ್ರವು ಸಂಪರ್ಕವನ್ನು ತಕ್ಷಣ ನಿರಾಕರಿಸುತ್ತದೆ, ಕೂಡಲೇ ಎರಡನೆಯ ಸರ್ವರ್‌ನ ಸರದಿ ಬರುತ್ತದೆ, ಎಲ್ಲವೂ ಸರಿಯಿದೆ ಎನಿಸುತ್ತದೆ. ಆದರೆ ಯಂತ್ರವೇ ಮೌನವಾದರೆ ಲಿನಕ್ಸ್ ಸಾಮಾನ್ಯವಾಗಿ ಎರಡು ನಿಮಿಷಕ್ಕೂ ಹೆಚ್ಚು ಉತ್ತರಕ್ಕಾಗಿ ಕಾಯುತ್ತದೆ. ಪೋಸ್ಟ್‌ಗ್ರೆಸ್‌ನ ದೃಢೀಕರಣದ ಗಡುವಾದರೋ ಕೇವಲ 1 ನಿಮಿಷ. ಎರಡನೆಯ ಸರ್ವರನ್ನು ಕೇಳುವ ಮುನ್ನವೇ ಲಾಗಿನ್ ಮುರಿದುಬೀಳುತ್ತದೆ. ಇದಕ್ಕೆ ಪರಿಹಾರವಾಗಿ ಡೇಟಾಬೇಸ್ ಯಂತ್ರದ ಎಲ್‌ಡಿಎಪಿ ಕಾನ್ಫ್ ಕಡತದಲ್ಲಿ ನೆಟ್‌ವರ್ಕ್ ಟೈಮ್‌ಔಟ್ 3 ಸೆಕೆಂಡ್ ಎಂದು ನಮೂದಿಸಿ.

ಸಂಪರ್ಕ ಸಿಕ್ಕ ಮೇಲೆ ಮೊದಲ ಸರ್ವರ್ ಪಾಸ್‌ವರ್ಡನ್ನು ತಿರಸ್ಕರಿಸಿದರೆ ಎರಡನೆಯದನ್ನು ಕೇಳುವ ಪದ್ಧತಿಯಿಲ್ಲ ಎಂಬುದನ್ನೂ ಗಮನಿಸಿ. ಎರಡರ ದತ್ತಾಂಶ ಸದಾ ಒಂದೇ ಆಗಿರಬೇಕಾದುದು ಈ ಕಾರಣಕ್ಕೆ.

ಕಡತವನ್ನು ರೀಲೋಡ್ ಮಾಡಿದ ನಂತರ, ಡೇಟಾಬೇಸ್ ಯಂತ್ರದಿಂದ ಮೊದಲ ಸರ್ವರ್‌ನ 389ನೆಯ ಪೋರ್ಟಿಗೆ ಹೋಗುವ ಪ್ಯಾಕೆಟ್‌ಗಳನ್ನು ಫೈರ್‌ವಾಲ್‌ನಲ್ಲಿ ಸದ್ದಿಲ್ಲದೆ ಡ್ರಾಪ್ ಮಾಡಿಸಿ, ಪೋಸ್ಟ್‌ಗ್ರೆಸ್‌ನ ಆಜ್ಞಾಸಾಲಿನ ಸಾಧನವಾದ ಪಿಎಸ್‌ಕ್ಯುಎಲ್‌ನಿಂದ ಲಾಗಿನ್ ಆಗಿ. ಪಾಸ್‌ವರ್ಡ್ ಕೊಟ್ಟ ಮೇಲೆ ಕರ್ಸರ್ ಕೆಲವು ಸೆಕೆಂಡ್ ತಡೆದು ನಿಂತು, ನಂತರ ಪ್ರಾಂಪ್ಟ್ ಬಂದರೆ ವ್ಯವಸ್ಥೆ ಸರಿಯಾಗಿದೆ. ಕೊನೆಯದಾಗಿ ಮೊದಲ ಸರ್ವರನ್ನೇ ಸ್ಥಗಿತಗೊಳಿಸಿ, ಎರಡನೆಯದರಲ್ಲಿ ಒಂದು ಪಾಸ್‌ವರ್ಡ್ ಬದಲಿಸಿ, ಮೊದಲನೆಯದನ್ನು ಮತ್ತೆ ಚಾಲೂ ಮಾಡಿ, ಎರಡರಲ್ಲೂ ಕಾಂಟೆಕ್ಸ್ಟ್ ಸಿಎಸ್‌ಎನ್ (ಕೊನೆಯ ಬದಲಾವಣೆಯ ಗುರುತು) ಮೌಲ್ಯಗಳು ಒಂದೇ ಆಗಿವೆಯೇ ಎಂದು ಹೋಲಿಸಿ ನೋಡಿ.