ಬಲಕ್ಕೆ ಬಾಳೆಎಲೆ, ಪೂರ್ವಕ್ಕೆ ಪೂರಿ: ಬೋಟ್ ನಿಯಮಗಳನ್ನು ಕನ್ನಡದಲ್ಲೇ ನೆನಪಿಡುವುದು ಹೀಗೆ

ಬೋಟ್ ನಡೆಸೋ ನಿಯಮ ಕಲಿಯಲು ಕೂತರೆ ಮೊದಲು ಸಿಗೋದು ಇಂಗ್ಲಿಷ್ ಪ್ರಾಸಗಳು. ಪೋರ್ಟ್ ಅಂದ್ರೆ ಎಡ, ಅದರ ದೀಪ ಕೆಂಪು, ಯಾಕಂದ್ರೆ ಪೋರ್ಟ್ ವೈನ್ ಕೆಂಪು ಅಂತೆ. ನಮ್ಮನೇಲಿ ಪೋರ್ಟ್ ವೈನ್ ಕಂಡವರು ಯಾರು? ನಾನೂ ಬಾಯಿಪಾಠ ಮಾಡಿದ್ದೆ, ನೀರಿಗೆ ಇಳಿದ ತಕ್ಷಣ ಮರೆತೆ. ಕಾಳಿ ನದಿಯ ಅಳಿವೆಯಲ್ಲಿ ಎದುರಿಗೆ ಒಂದು ದೋಣಿ ನೇರ ನನ್ನ ಕಡೆಗೇ ಬರ್ತಿತ್ತು. ಸ್ಕೂಟರ್ ಓಡಿಸಿದ ಕೈ ಅಲ್ವಾ, ಸೀದಾ ಎಡಕ್ಕೆ ತಿರುಗಿಸಿದೆ. ಅವನು ನಿಯಮದ ಪ್ರಕಾರ ತನ್ನ ಬಲಕ್ಕೆ ತಿರುಗಿಸಿದ. ಇಬ್ಬರೂ ಮತ್ತೆ ಎದುರುಬದುರು! ಅವನು ಕೊಂಕಣಿಯಲ್ಲಿ ಬೈದಿದ್ದು ಪೂರ್ತಿ ಅರ್ಥ ಆಗಲಿಲ್ಲ, ಅದೇ ಪುಣ್ಯ.

ಹಾಗಾಗಿ ಮೊದಲ ಪಾಠ: ಎದುರುಬದುರು ಬಂದರೆ ಇಬ್ಬರೂ ಬಲಕ್ಕೆ. ನಮ್ಮ ರಸ್ತೆಯ ಉಲ್ಟಾ.

ಆಮೇಲೆ ದೀಪಗಳು. ಎದೆಯ ಎಡಗಡೆ ಹೃದಯ, ಹೃದಯದಲ್ಲಿ ರಕ್ತ, ರಕ್ತ ಕೆಂಪು. ಹಾಗೆ ಬೋಟಿನ ಎಡದ ದೀಪ ಕೆಂಪು. ಬಲಗೈ ಊಟದ ಕೈ, ಊಟಕ್ಕೆ ಬಾಳೆಎಲೆ, ಎಲೆ ಹಸಿರು. ಬಲದ ದೀಪ ಹಸಿರು. ಇಷ್ಟು ಗಟ್ಟಿಯಾದರೆ ಉಳಿದದ್ದು ತಾನಾಗಿ ಬರುತ್ತದೆ. ರಾತ್ರಿ ಒಂದು ಮೋಟಾರ್ ಬೋಟ್ ನಿಮ್ಮ ಬಲಗಡೆಯಿಂದ ಅಡ್ಡ ಬರ್ತಿದೆ ಅಂದುಕೊಳ್ಳಿ. ನಿಮಗೆ ಕಾಣೋದು ಅದರ ಎಡಮೈ, ಅಂದರೆ ಕೆಂಪು ದೀಪ. ಕೆಂಪು ಕಂಡರೆ ದಾರಿ ಬಿಡೋರು ನೀವು, ಸಿಗ್ನಲ್‌ನಲ್ಲಿ ನಿಂತ ಹಾಗೆ. ಹಸಿರು ಕಂಡರೆ ನೀವು ಅದೇ ದಿಕ್ಕು, ಅದೇ ವೇಗದಲ್ಲಿ ಹೋಗಿ, ಆದರೆ ಅವನ ಮೇಲಿಂದ ಕಣ್ಣು ತೆಗೀಬೇಡಿ, ಅವನು ಸರಿಯದೇ ಇದ್ದರೆ ಡಿಕ್ಕಿ ತಪ್ಪಿಸೋದು ನಿಮ್ಮ ಕೆಲಸವೂ ಹೌದು. ಬರೀ ಬಿಳಿ ದೀಪ ಕಂಡರೆ ಹೆಚ್ಚಾಗಿ ಒಂದೋ ಅದು ಅವನ ಬೆನ್ನು, ಇಲ್ಲಾ ಅವನು ಲಂಗರು ಹಾಕಿ ನಿಂತಿದ್ದಾನೆ. ಎರಡರಲ್ಲೂ ಸುಮ್ನೆ ನೀವೇ ಪಕ್ಕಕ್ಕೆ ಸರಿಯಿರಿ.

ಹಾರ್ನ್ ನೆನಪಿಡೋಕೆ ಕನ್ನಡವೇ ಸಾಕು. ಎರಡು ಸಲ ಊದಿದರೆ ಎಡ, ಅಂದರೆ 'ನಾನು ಎಡಕ್ಕೆ ತಿರುಗ್ತಿದ್ದೇನೆ', ಅಕ್ಷರವೇ ಹೇಳುತ್ತೆ. ಮೂರು ಅಂದ್ರೆ ಮರಳು, ಅಂದರೆ ಎಂಜಿನ್ ರಿವರ್ಸ್‌ನಲ್ಲಿದೆ (ದೋಣಿ ಇನ್ನೂ ಮುಂದಕ್ಕೇ ಜಾರ್ತಿರಬಹುದು, ಮೋಸ ಹೋಗಬೇಡಿ). ಐದು ಅಂದ್ರೆ 'ಅಯ್ಯೋ, ಏನ್ ಮಾಡ್ತಿದ್ದೀಯಪ್ಪಾ!' ನಿಜಕ್ಕೂ ಅದರ ಅರ್ಥ ಅದೇ: ನಿನ್ನ ಉದ್ದೇಶ ತಿಳೀತಿಲ್ಲ, ಅಥವಾ ನೀನು ಮಾಡ್ತಿರೋದು ಸಾಕಾಗಲ್ಲ. ಉಳಿದಿದ್ದು ಒಂದು, ಅದು ಬಲ. ಇವೆಲ್ಲ ಸುಮಾರು ಒಂದು ಸೆಕೆಂಡಿನ ಚಿಕ್ಕ ಹಾರ್ನ್‌ಗಳು.

ಮೀನು ಹಿಡಿಯೋ ಬೋಟಿನ ದೀಪ ನನಗೆ ತುಂಬಾ ಇಷ್ಟ. ಮೇಲೆ ಕೆಂಪು, ಕೆಳಗೆ ಬಿಳಿ. ಬಿಳಿ ಅನ್ನದ ಮೇಲೆ ಕೆಂಪು ಮೀನುಸಾರು, ಇನ್ನೇನು ಬೇಕು? ಮೇಲೆ ಹಸಿರು, ಕೆಳಗೆ ಬಿಳಿ ಇದ್ದರೆ ಅನ್ನದ ಮೇಲೆ ಹಸಿರು ಮಸಾಲೆಯ ಮೀನು, ಅದು ಬಲೆ ಎಳೀತಿರೋ ಟ್ರಾಲರ್. ಮಲ್ಪೆ ಕಡೆ ರಾತ್ರಿ ಸಮುದ್ರಕ್ಕೆ ಹೋದರೆ ಈ ಎರಡನೇ ತಟ್ಟೆ ಜಾಸ್ತಿ ಉಪಯೋಗಕ್ಕೆ ಬರುತ್ತೆ, ಹಿಂದೆ ಬಲೆ ಇರುತ್ತೆ, ಹತ್ತಿರ ಹೋಗಬೇಡಿ. ಒಂದರ ಮೇಲೊಂದು ಎರಡೂ ಕೆಂಪಾಗಿದ್ದರೆ? ಎರಡೂ ಕಣ್ಣು ಕೆಂಪಾದವನಿಗೆ ಮೈಮೇಲೆ ಹಿಡಿತ ಇಲ್ಲ. ಆ ಹಡಗಿಗೂ ಇಲ್ಲ, ದೂರ ಇರಿ.

ಯಾರು ಯಾರಿಗೆ ದಾರಿ ಬಿಡಬೇಕು ಅನ್ನೋದಕ್ಕೆ ಪ್ರಾಸ ಬೇಡ, ಲೆಕ್ಕ ಸುಲಭ: ಯಾರಿಗೆ ತಿರುಗೋದು ಜಾಸ್ತಿ ಕಷ್ಟವೋ ಅವರಿಗೆ ದಾರಿ. ಹಾಗಾಗಿ ಮೋಟಾರ್ ಬೋಟ್ ಹಾಯಿದೋಣಿಗೆ ಬಿಡಬೇಕು, ಹಾಯಿದೋಣಿ ಬಲೆ ಹಾಕಿದವರಿಗೆ ಬಿಡಬೇಕು, ಹಿಡಿತ ತಪ್ಪಿದವನಿಗೆ ಎಲ್ಲರೂ. ಹಿಂದಿನಿಂದ ದಾಟಿ ಹೋಗುವವನು ಮಾತ್ರ ಯಾವ ಬೋಟಿನಲ್ಲಿದ್ದರೂ ತಾನೇ ಸರಿಯಬೇಕು.

ಬಂಡೆ, ದಿಬ್ಬದ ಹತ್ತಿರ ಕಪ್ಪು-ಹಳದಿ ಬಣ್ಣದ ದಿಕ್ಕಿನ ಗುರುತುಗಳಿರುತ್ತವೆ, ತಲೆ ಮೇಲೆ ಎರಡು ಕೋನ್. ಎರಡೂ ಮೇಲಕ್ಕೆ ನೋಡಿದರೆ ಉತ್ತರ, ಎರಡೂ ಕೆಳಕ್ಕೆ ನೋಡಿದರೆ ದಕ್ಷಿಣ. ಪೂರ್ವ, ಪಶ್ಚಿಮದಲ್ಲೇ ಎಲ್ಲರೂ ಎಡವೋದು. ಪೂರ್ವದ್ದು ನಡುವೆ ಉಬ್ಬಿದೆ: ಪೂರ್ವಕ್ಕೆ ಪೂರಿ. ಪಶ್ಚಿಮದ್ದು ಸೊಂಟ ಸಣ್ಣ, ಡಮರು ಥರ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಮುರ್ಡೇಶ್ವರ ಇದೆ, ಶಿವ ಇದ್ದಲ್ಲಿ ಡಮರು. ರಾತ್ರಿ ದೀಪ ಮಿನುಗೋದು ಗಡಿಯಾರದ ಹಾಗೆ: ಪೂರ್ವ 3, ದಕ್ಷಿಣ 6 (ಜೊತೆಗೆ ಒಂದು ಉದ್ದದ್ದು), ಪಶ್ಚಿಮ 9, ಉತ್ತರ ನಿಲ್ಲದೆ. ಗುರುತು ಯಾವ ದಿಕ್ಕು ಹೇಳುತ್ತೋ ಆ ಕಡೆಯಿಂದ ದಾಟಿ.

ಅಮೆರಿಕದಲ್ಲಿ ಇರೋ ಕನ್ನಡಿಗರಿಗೆ, ಅಲ್ಲಿನ ವಿಡಿಯೋ ನೋಡಿ ಇಲ್ಲಿ ಕಲಿಯೋರಿಗೆ ಒಂದು ಮಾತು. ಅಲ್ಲಿ ಸಮುದ್ರದಿಂದ ಬಂದರಿಗೆ ವಾಪಸ್ ಬರುವಾಗ ಕೆಂಪು ತೇಲುಗುರುತು ಬಲಕ್ಕಿರಬೇಕು. 'ರೆಡ್ ರೈಟ್ ರಿಟರ್ನಿಂಗ್' ಅಂತ ಹಾಡ್ತಾರೆ. ಭಾರತದಲ್ಲಿ ಅದು ತಪ್ಪು. ಇಲ್ಲಿ ಒಳಗೆ ಬರುವಾಗ ಎಡಕ್ಕೆ ಕೆಂಪು, ಬಲಕ್ಕೆ ಹಸಿರು, ನಿಮ್ಮದೇ ಬೋಟಿನ ದೀಪದ ಹಾಗೆ. ಹೊರಗೆ ಹೋಗುವಾಗ ಅದಲು ಬದಲು.

ಬೋಟ್ ಇಲ್ಲದ ದಿನ ಅಭ್ಯಾಸಕ್ಕೆ ಬೆಂಗಳೂರಿನ ತಾರಸಿ ಸಾಕು. ವಿಮಾನದ ರೆಕ್ಕೆಗಳಲ್ಲೂ ಎಡಕ್ಕೆ ಕೆಂಪು, ಬಲಕ್ಕೆ ಹಸಿರು. ದೂರದಲ್ಲಿ ಬರೀ ಕೆಂಪು ಕಂಡರೆ ಅದು ಬಲದಿಂದ ಎಡಕ್ಕೆ ಹೋಗ್ತಿದೆ ಅಂತ ಮೊದಲೇ ಹೇಳಿ, ಆಮೇಲೆ ಕಾದು ನೋಡಿ. ನಮ್ಮ ಮನೇಲಿ ಈಗ ಮಗಳು ನನಗಿಂತ ಬೇಗ ಹೇಳ್ತಾಳೆ.