ಕಾಫಿ ಬೊಡ್ಡೆಯ ಮೇಲೆ ಬಿಳಿ ಲೋಳೆ, ಕಪ್ಪು ಗಡ್ಡ

ಕಾಫಿ ಬೊಡ್ಡೆಯನ್ನು ಮೀನಿನ ಟ್ಯಾಂಕಿಗೆ ಇಳಿಸಿದ ಐದನೇ ದಿನ ಬೆಳಿಗ್ಗೆ ನೋಡಿದರೆ, ಹತ್ತಿ ಹಿಂಜಿ ಅಂಟಿಸಿದ ಹಾಗೆ ಮೈತುಂಬ ಬಿಳಿ ಲೋಳೆ! ಎದೆ ಧಸಕ್ಕೆಂದಿತು. ಮೂಡಿಗೆರೆ ಹತ್ತಿರದ ಮಾವನ ತೋಟದಿಂದ ಅಷ್ಟು ಆಸೆಪಟ್ಟು ತಂದಿದ್ದ ಬೊಡ್ಡೆ ಅದು. ವರ್ಷಗಟ್ಟಲೆ ಒಣಗಿ, ಸಿಪ್ಪೆಯೆಲ್ಲ ಉದುರಿ ಕಲ್ಲಿನಂತಾಗಿತ್ತು. ತಂದ ಮೇಲೆ ಒಂದು ತಿಂಗಳು ನೆನೆಸಿಟ್ಟಿದ್ದೆ. ಕಾಫಿ ಗಿಡಕ್ಕೆ ಬೋರ್ಡೋ ದ್ರಾವಣ ಹೊಡೆಯುತ್ತಾರಲ್ಲ, ಅದರಲ್ಲಿ ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್ ಇರುತ್ತದೆ. ತಾಮ್ರ ಬಸವನಹುಳು, ಸಿಗಡಿಗಳಿಗೆ ವಿಷ. ಆ ಭಯಕ್ಕೇ ಅಷ್ಟು ದಿನ ನೀರು ಬದಲಾಯಿಸುತ್ತ ಕಾದಿದ್ದು.

ಬೊಡ್ಡೆ ತೆಗೆದು ಹಂಡೆಯಲ್ಲಿ ಎರಡು ಗಂಟೆ ಕುದಿಸಿದೆ. ಬ್ರಷ್ ಹಾಕಿ ಉಜ್ಜಿದೆ. ನಾಲ್ಕೇ ದಿನಕ್ಕೆ ಲೋಳೆ ಮತ್ತೆ ಬಂತು. ಮೂರು ಸಲ ಹೀಗೇ ಆಯಿತು. ಆಮೇಲೆ ಅರ್ಥವಾಯಿತು, ಮರದೊಳಗೆ ಉಳಿದ ಸಕ್ಕರೆ ಅಂಶ ನಿಧಾನಕ್ಕೆ ಹೊರಗೆ ಬರುತ್ತಿರುತ್ತದೆ. ಅದನ್ನು ತಿನ್ನಲು ಬ್ಯಾಕ್ಟೀರಿಯಾ, ಬೂಷ್ಟು ಸೇರಿಕೊಳ್ಳುತ್ತವೆ. ತಿನ್ನಲು ಏನೂ ಇಲ್ಲದಾದಾಗ ತಾವೇ ಹೋಗುತ್ತವೆ. ಮೀನಿಗೆ ಇದರಿಂದ ತೊಂದರೆ ಇಲ್ಲ. ಗೆಳತಿಯ ಮನೆಯಿಂದ ಎರಡು ಬಸವನಹುಳು ತಂದು ಬಿಟ್ಟೆ. ಒಂದು ವಾರ ಕಳೆದರೂ ಆರಾಮಾಗಿದ್ದವು, ಲೋಳೆಯನ್ನು ಚೆನ್ನಾಗಿ ಮೇಯುತ್ತಿದ್ದವು. ನೀರು ಬದಲಿಸುವಾಗ ಪೈಪಿನಿಂದ ಒಂದಿಷ್ಟು ನಾನೂ ಎಳೆದೆ. ಐದನೇ ವಾರಕ್ಕೆ ಬೊಡ್ಡೆ ಸ್ವಚ್ಛ.

ಆದರೆ ಉಗುರಲ್ಲಿ ಒತ್ತಿದಾಗ ಬೊಡ್ಡೆ ಮೆತ್ತಗಿದ್ದರೆ, ಕೊಳೆತ ಮೊಟ್ಟೆಯ ವಾಸನೆ ಬಂದರೆ ಅದು ಬೇರೆ ಮಾತು. ಮರವೇ ಕೊಳೆಯುತ್ತಿದೆ, ತೆಗೆದು ಎಸೆಯಿರಿ.

ಇದಾಗಿ ಎರಡು ತಿಂಗಳಿಗೆ ಕೊಂಬೆಯ ತುದಿಯಲ್ಲಿ ಕಪ್ಪು ಕೂದಲು ಕಾಣಿಸಿತು. ಇದೂ ತಾನಾಗೇ ಹೋಗುತ್ತದೆ ಅಂದುಕೊಂಡು ಸುಮ್ನಿದ್ದೆ. ತಪ್ಪು ಮಾಡಿದ್ದು ಅಲ್ಲೇ. ಎರಡು ತಿಂಗಳಲ್ಲಿ ಕೊಂಬೆಗೆಲ್ಲ ಗಡ್ಡ ಬೆಳೆದು, ಪಕ್ಕದ ಅನುಬಿಯಾಸ್ ಎಂಬ ನೀರಿನ ಗಿಡದ ಎಲೆಗಳ ಅಂಚಿಗೂ ಹಬ್ಬಿತ್ತು. ಬೆರಳಲ್ಲಿ ಎಳೆದರೆ ಬರುವುದಿಲ್ಲ, ಅಷ್ಟು ಬಿಗಿ. ಒಂದು ಎಳೆ ಕಿತ್ತು ಸ್ಪಿರಿಟ್‌ನಲ್ಲಿ ಹಾಕಿಟ್ಟೆ. ಸ್ವಲ್ಪ ಹೊತ್ತಿಗೆ ಕೆಂಪಗಾಯಿತು. ಸ್ಪಿರಿಟ್ ಹಸಿರು ಬಣ್ಣವನ್ನು ಎಳೆದುಕೊಂಡಾಗ ಒಳಗಿನ ಕೆಂಪು ಉಳಿಯುತ್ತದೆ. ನೋಡಲು ಕಪ್ಪಾದರೂ ಇದು ಕೆಂಪು ಪಾಚಿಯ ಜಾತಿ. ಬ್ಲ್ಯಾಕ್ ಬಿಯರ್ಡ್ ಆಲ್ಗೀ ಅನ್ನುವುದು ಇದನ್ನೇ.

ಇದನ್ನು ಸಾಯಿಸಲು ಮೆಡಿಕಲ್ ಶಾಪಿನಿಂದ ಹೈಡ್ರೋಜನ್ ಪೆರಾಕ್ಸೈಡ್ ತಂದೆ. ನನಗೆ ಸಿಕ್ಕಿದ್ದು 6 ಶೇಕಡಾದ್ದು, ಅಷ್ಟೇ ನೀರು ಬೆರೆಸಿ 3 ಶೇಕಡಾ ಮಾಡಿಕೊಂಡೆ. ಬಾಟಲಿಯ ಮೇಲೆ ಬರೆದಿರುವುದನ್ನು ಓದದೆ ಬಳಸಬೇಡಿ. ನನ್ನ ಟ್ಯಾಂಕಿನಲ್ಲಿ ನೀರು ಸುಮಾರು 45 ಲೀಟರ್, ಹಾಗಾಗಿ ಒಂದು ದಿನಕ್ಕೆ 10 ಎಂ.ಎಲ್. ದಾಟಲಿಲ್ಲ. ಫಿಲ್ಟರ್ ಆಫ್ ಮಾಡಿ, ನೀರು ನಿಂತ ಮೇಲೆ ಸಿರಿಂಜನ್ನು ಗಡ್ಡದ ಹತ್ತಿರವೇ ಹಿಡಿದು ನಿಧಾನಕ್ಕೆ ಬಿಟ್ಟೆ. ಸಣ್ಣ ಗುಳ್ಳೆಗಳು ಏಳತೊಡಗಿದವು. ಹತ್ತು ನಿಮಿಷ ಬಿಟ್ಟು ಫಿಲ್ಟರ್ ಆನ್. ಒಂದು ದಿನ ಒಂದು ಕೊಂಬೆ, ಮೂರು ದಿನ ಬಿಟ್ಟು ಇನ್ನೊಂದು. ಅಂದಕ್ಕೆಂದು ಮಾಸ್ ಅನ್ನುವ ಪುಟ್ಟ ಹಸಿರು ಗಿಡ ನೆಟ್ಟ ಕಡೆ ಹಾಕಲಿಲ್ಲ, ಅದು ಬೇಗ ಸುಡುತ್ತದೆ. ಮೂರನೇ ದಿನಕ್ಕೆ ಗಡ್ಡ ಗುಲಾಬಿ ಬಣ್ಣಕ್ಕೆ ತಿರುಗಿತು, ವಾರದಲ್ಲಿ ಬೆಳ್ಳಗಾಯಿತು. ಗಟ್ಟಿ ಗಡ್ಡವನ್ನು ಮುಟ್ಟದ ಬಸವನಹುಳುಗಳು ಸತ್ತದ್ದನ್ನು ತಿಂದು ಮುಗಿಸಿದವು.

ಇಷ್ಟೇ ಮಾಡಿ ಬಿಟ್ಟಿದ್ದರೆ ಖಂಡಿತ ಮತ್ತೆ ಬರುತ್ತಿತ್ತು. ಲೈಟು ದಿನಕ್ಕೆ ಹತ್ತು ಗಂಟೆ ಉರಿಯುತ್ತಿತ್ತು, ಟೈಮರ್ ಹಾಕಿ ಆರೂವರೆ ಗಂಟೆಗೆ ಇಳಿಸಿದೆ. ಫಿಲ್ಟರ್ ಸ್ಪಾಂಜಿನಲ್ಲಿ ತುಂಬಿದ್ದ ಕೆಸರನ್ನು ಟ್ಯಾಂಕಿನದೇ ನೀರಲ್ಲಿ ಹಿಂಡಿ ತೊಳೆದೆ. ವಾರಕ್ಕೊಮ್ಮೆ ಮೂರನೇ ಒಂದು ಭಾಗ ನೀರು ಬದಲು.

ಇನ್ನು ಮೀನಿನ ಊಟ, ಅದೂ ಹೆಚ್ಚಾಗುತ್ತಿತ್ತು. ಬೆಳಿಗ್ಗೆ ನಾನು ಹಾಕಿ ಕೆಲಸಕ್ಕೆ ಹೋದ ಮೇಲೆ ಅಮ್ಮನೂ ಹಾಕುತ್ತಿದ್ದರು. "ಪಾಪ, ಬಾಯಿ ಬಾಯಿ ಬಿಡ್ತಾವೆ ಕಣೇ" ಅಂದರು. ಅವರಿಗೆ ಬೇಡ ಅನ್ನಲು ನನಗೆ ಮನಸ್ಸಾಗಲಿಲ್ಲ. ಈಗ ದಿನದ ಊಟವನ್ನು ಪುಟ್ಟ ಡಬ್ಬಿಗೆ ಹಾಕಿಟ್ಟು ಹೋಗುತ್ತೇನೆ. ಹಾಕುವುದು ಅಮ್ಮನೇ. ಡಬ್ಬಿ ಖಾಲಿಯಾದರೆ ಅವತ್ತಿನದು ಮುಗಿಯಿತು. ಎಂಟು ತಿಂಗಳಾಯಿತು, ಫಿಲ್ಟರ್ ನೀರು ನೇರ ಬಡಿಯುವ ತುದಿಯಲ್ಲಿ ಒಂದೇ ಒಂದು ಕಪ್ಪು ಚುಕ್ಕೆ ಇದೆ. ಪ್ರತಿ ಭಾನುವಾರ ಅದನ್ನು ನೋಡುತ್ತೇನೆ. ಇನ್ನೂ ದೊಡ್ಡದಾಗಿಲ್ಲ.